ಚಿರಾಲಿಯಲ್ಲಿ ಕೂತು ನಡೆಯೋದು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಟರ್ಕಿಯ ದಕ್ಷಿಣ ಕಡಲತೀರದ ಚಿರಾಲಿ ಅನ್ನೋ ಹಳ್ಳಿಯ ಬಗ್ಗೆ ಬರೆದಿದ್ದೆ. ನಾನೂ ನನ್ನ ಅಕ್ಕನೂ ಅಕ್ಟೋಬರಿನಲ್ಲಿ ಅಲ್ಲಿ ಒಂದೇ ಕೋಣೆ ಹಿಡಿದು ಒಂಬತ್ತು ರಾತ್ರಿ ಉಳಿದಿದ್ದೆವು. ಬೆಳಗ್ಗೆ ತಿಂಡಿ ತಿಂದು ದಿನಕ್ಕೊಂದು ದಿಕ್ಕಿಗೆ ನಡೆಯೋದು, ಸಂಜೆ ಅದೇ ಹಾಸಿಗೆಗೆ ವಾಪಸ್. ಬರೆದದ್ದು ಅಷ್ಟೇ, ಪತ್ರಗಳು ಮಾತ್ರ ರಾಶಿ ಬಂದಿವೆ. ಅರ್ಧಕ್ಕರ್ಧ ಊಟದ ಬಗ್ಗೆ, ಉಳಿದವು ಮಂಡಿ ನೋವಿನ ಬಗ್ಗೆ. ಒಬ್ಬರು "ಅಷ್ಟು ದೂರ ಹೋಗಿ ನಡೆಯೋದ್ಯಾಕೆ, ಮನೆ ಹತ್ತಿರ ಪಾರ್ಕ್ ಇಲ್ವಾ" ಅಂತ ಕೇಳಿದ್ದಾರೆ. ಅದು ನಮ್ಮ ಭಾವನೇ ಹೆಸರು ಬದಲಿಸಿ ಬರೆದಿರಬೇಕು ಅಂತ ನನ್ನ ಅನುಮಾನ, ಹಾಗಾಗಿ ಅದಕ್ಕೆ ಉತ್ತರ ಇಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದವನು, ವಯಸ್ಸು 29. ಆ ಊರಿನ ಮೂಲಕ ಹಾದುಹೋಗುವ ಲಿಸಿಯನ್ ವೇ ಅನ್ನೋ ಕಾಲುದಾರಿ ಒಟ್ಟು 540 ಕಿ.ಮೀ. ಅಂತ ಓದಿದೆ. ನನಗೆ 12 ದಿನ ರಜೆ ಇದೆ. ದಿನಕ್ಕೆ 45 ಕಿ.ಮೀ. ಹಾಕಿದರೆ ಮುಗಿಯುತ್ತೆ ಅಲ್ವಾ? (ಹುಬ್ಬಳ್ಳಿ)

ಭಾಗಾಕಾರ ಸರಿ ಇದೆ. ದಾರಿ ನೋಡಿಲ್ಲ ನೀವು.

ಈ ದಾರಿಯನ್ನು ಗುರುತು ಹಾಕಿ ತೆರೆದದ್ದು 1999ರಲ್ಲಿ. ಟರ್ಕಿಯಲ್ಲೇ ನೆಲೆಸಿದ್ದ ಕೇಟ್ ಕ್ಲೋ ಅನ್ನೋ ಬ್ರಿಟಿಷ್ ಮಹಿಳೆ ವರ್ಷಗಟ್ಟಲೆ ಅಲೆದು, ಹಳೇ ರೋಮನ್ ರಸ್ತೆಯ ತುಂಡುಗಳು, ಮೇಕೆ ದಾರಿಗಳು, ಯೊರುಕ್ ಅನ್ನೋ ಅಲೆಮಾರಿ ಕುರಿಗಾಹಿಗಳು ಬೇಸಿಗೆಯಲ್ಲಿ ಬೆಟ್ಟ ಹತ್ತುತ್ತಿದ್ದ ಜಾಡುಗಳು, ಇವನ್ನೆಲ್ಲ ಒಂದಕ್ಕೊಂದು ಸೇರಿಸಿದರು. ಆ ದೇಶದಲ್ಲಿ ಗುರುತು ಹಾಕಿದ ಮೊದಲ ದೂರದ ಕಾಲುದಾರಿ ಇದೇ. ಪಶ್ಚಿಮದಲ್ಲಿ ಫೆಥಿಯೆ ಹತ್ತಿರದ ಓಲುದೆನಿಜ್‌ನಿಂದ ಪೂರ್ವದಲ್ಲಿ ಅಂತಾಲ್ಯದ ಕಡೆಗೆ ಹೋಗುತ್ತೆ. ಲಿಸಿಯಾ ಅನ್ನೋದು ಆ ಕರಾವಳಿಯ ಪುರಾತನ ಹೆಸರು. ಅಲ್ಲಿನವರು ಬಂಡೆ ಕೊರೆದು, ಮನೆಯ ಮುಂಬಾಗಿಲಿನ ಥರ ಗೋರಿ ಮಾಡುತ್ತಿದ್ದರು. ದಾರಿಯುದ್ದಕ್ಕೂ ಅಂಥವು ಸಿಗುತ್ತವೆ.

ಈಗ ನಿಮ್ಮ 45 ಕಿ.ಮೀ. ವಿಷಯ. ಇದು ಹೆಚ್ಚಾಗಿ ಸುಣ್ಣಕಲ್ಲಿನ ನಾಡು. ಕಾಲಡಿಗೆ ಮಣ್ಣಿಲ್ಲ, ಚೂಪು ಕಲ್ಲು. ಸಮುದ್ರ ಪಕ್ಕದಲ್ಲೇ ಇದೆ ಅಂತ ದಾರಿ ಸಪಾಟಾಗಿರುತ್ತೆ ಅಂದುಕೊಳ್ಳಬೇಡಿ, ಬೆಟ್ಟ ನೇರ ನೀರಿಗೇ ಇಳಿದಿರೋದರಿಂದ ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ ಹೋಗೋಕೆ ಪ್ರತಿ ಸಲ ಮುನ್ನೂರು ನಾನ್ನೂರು ಮೀಟರ್ ಹತ್ತಿ ಮತ್ತೆ ಅಷ್ಟೇ ಇಳಿಯಬೇಕು. ಏರಿನಲ್ಲಿ ಗಂಟೆಗೆ ಎರಡು ಕಿ.ಮೀ. ಸಾಗಿದರೆ ಚೆನ್ನಾಗೇ ನಡೆದಿದ್ದೀರಿ ಅಂತ ಅರ್ಥ. ಪೂರ್ತಿ ದಾರಿಗೆ ಜನ ಸುಮಾರು ಒಂದು ತಿಂಗಳು ಇಟ್ಟುಕೊಳ್ತಾರೆ. ನೀವು ಕುಮಾರಪರ್ವತ ಹತ್ತಿರಬಹುದು, ಅದನ್ನು ದಿನಕ್ಕೊಂದರಂತೆ ಹನ್ನೆರಡು ದಿನ, ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು ಹತ್ತಿದರೆ ಹೇಗಿರುತ್ತೆ ಯೋಚನೆ ಮಾಡಿ.

ಅದಕ್ಕೇ ನಾನು ಒಂದು ಹಳ್ಳಿ ಹಿಡಿದು ಕೂತದ್ದು. ದೊಡ್ಡ ಚೀಲ ಕೋಣೆಯಲ್ಲಿ, ಬೆನ್ನಿಗೆ ನೀರು, ಬ್ರೆಡ್ಡು, ಒಂದು ಟವೆಲ್ ಅಷ್ಟೇ. ಸುಸ್ತಾದ ದಿನ ನಡೆಯಲೇಬೇಕು ಅಂತಿಲ್ಲ. 29ರ ವಯಸ್ಸಿಗೆ ಇದು ಸಪ್ಪೆ ಅನ್ನಿಸಿದರೆ 12 ದಿನದಲ್ಲಿ ಒಂದು ತುಂಡು ಮಾತ್ರ ನಡೀರಿ. ಓಲುದೆನಿಜ್‌ನಿಂದ ಪತಾರಾ ತನಕದ್ದೇ ಬೇಕಾದಷ್ಟಾಗುತ್ತೆ.

ಪ್ರಶ್ನೆ: ಅಮ್ಮನಿಗೆ 63. ನಿವೃತ್ತ ಟೀಚರ್. ದಿನಾ ಐದು ಕಿ.ಮೀ. ವಾಕಿಂಗ್ ಮಾಡ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿಯುತ್ತೆ. ಕರ್ಕೊಂಡು ಹೋಗಬಹುದಾ? ಯಾವ ಯಾವ ದಾರಿ ಅವರಿಗೆ ಆಗುತ್ತೆ? (ಹಾಸನ)

ಧಾರಾಳವಾಗಿ. ನಮ್ಮ ಅಕ್ಕನದೂ ಅದೇ ಕಥೆ, ಹತ್ತೋಕೆ ತೊಂದರೆ ಇಲ್ಲ, ಇಳಿಯುವಾಗ ದೇವರ ನಾಮ. ಎರಡು ಕೈಗೂ ವಾಕಿಂಗ್ ಕೋಲು ಕೊಡಿಸಿ. ಅಕ್ಕ ಮೊದಲು "ಮುದುಕಿ ಥರ ಕಾಣ್ತೀನಿ" ಅಂತ ಮುಖ ಊದಿಸಿಕೊಂಡಿದ್ದಳು, ಮೂರನೇ ದಿನ ನನ್ನ ಕೋಲನ್ನೂ ಕಿತ್ತುಕೊಂಡಳು.

ಮೊದಲ ದಿನ ಒಲಿಂಪೋಸ್‌ಗೆ ಹೋಗಿ. ಚಿರಾಲಿಯ ಕಡಲತೀರ ಮೂರು ಕಿ.ಮೀ. ಚಿಲ್ಲರೆ ಉದ್ದ ಇದೆ. ಮರಳು ಕಡಿಮೆ, ಉರುಟು ಕಲ್ಲು ಜಾಸ್ತಿ. ಅದರ ದಕ್ಷಿಣದ ತುದಿಯಲ್ಲಿ ಒಂದು ಹೊಳೆ ಸಮುದ್ರ ಸೇರುತ್ತೆ. ಆ ಹೊಳೆಯ ಎರಡೂ ದಂಡೆಗೆ ಕಾಡಿನೊಳಗೆ ಮುಳುಗಿಹೋದ ಹಾಗೆ ಒಂದು ಹಳೇ ಪಟ್ಟಣ ಬಿದ್ದಿದೆ, ಅದೇ ಒಲಿಂಪೋಸ್. ಟಿಕೆಟ್ ಇದೆ, ನೆರಳಿದೆ, ನೆಲ ಸಮತಟ್ಟು. ಹಂಪಿ ಥರ ಬಟಾಬಯಲಲ್ಲ, ಗೋಡೆಗಳ ಮೇಲೆಲ್ಲ ಬಳ್ಳಿ, ಅಂಜೂರದ ಬೇರು. ಒಂದು ಕಾಲಕ್ಕೆ ಕಡಲುಗಳ್ಳರ ನೆಲೆಯೂ ಆಗಿತ್ತು ಇದು.

ಅಲ್ಲಿ ಸಮುದ್ರದ ಬಾಯಿ ಹತ್ತಿರ ಎರಡು ಕಲ್ಲಿನ ಶವಪೆಟ್ಟಿಗೆಗಳಿವೆ, ತಪ್ಪಿಸಬೇಡಿ. ಒಂದು ಯೂಡೆಮೋಸ್ ಅನ್ನೋ ಹಡಗಿನ ನಾಯಕನದು. ಮೇಲೆ ಒಂದು ಹಡಗು ಕೆತ್ತಿದ್ದಾರೆ, ಜೊತೆಗೆ ಒಂದು ಪದ್ಯ. ಹಡಗು ಕೊನೆಯ ಬಂದರಿಗೆ ಬಂದು ಲಂಗರು ಹಾಕಿತು, ಇನ್ನು ಅದು ಹೊರಡೋದಿಲ್ಲ, ಗಾಳಿಯಿಂದಲೂ ಬೆಳಕಿನಿಂದಲೂ ಇನ್ನೇನೂ ಆಗಬೇಕಾದ್ದಿಲ್ಲ, ಅಂತ ಹೆಚ್ಚುಕಡಿಮೆ ಅದರ ಅರ್ಥ. ಪಕ್ಕದ ಬೋರ್ಡಿನಲ್ಲಿ ಇದನ್ನು ಓದಿದ ಮೇಲೆ ಅಕ್ಕ ಆ ಕಲ್ಲಿನ ಎದುರು ಸುಮ್ನೆ ಕೂತುಬಿಟ್ಟಳು. ನಾನು ಕಿತ್ತಳೆ ಜ್ಯೂಸ್ ತರೋಕೆ ಹೋಗಿ ಬಂದರೂ ಅಲ್ಲೇ ಇದ್ದಳು.

ಎರಡನೆಯದು ಉಲುಪಿನಾರ್. ಊರಿನ ಉತ್ತರಕ್ಕೆ ಬೆಟ್ಟದ ಮೇಲೆ ಸಾವಿರಾರು ವರ್ಷದಿಂದ ಉರಿಯುತ್ತಿರುವ ಬೆಂಕಿ ಇದೆ (ಅದರ ಬಗ್ಗೆಯೇ ಮುಂದೊಂದು ಪ್ರಶ್ನೆ ಬಂದಿದೆ), ಅದನ್ನು ದಾಟಿ ಪೈನ್ ಕಾಡಿನಲ್ಲಿ ಹೋದರೆ ಹೆದ್ದಾರಿ ಪಕ್ಕದ ಉಲುಪಿನಾರ್ ಸಿಗುತ್ತೆ. ಬೆಟ್ಟದ ಒರತೆ ನೀರು ಜಾಸ್ತಿ ಇರೋ ಜಾಗ. ಹೋಟೆಲಿನವರು ಹರಿಯೋ ನೀರಿನ ಮೇಲೇ ಮೇಜು ಹಾಕಿ, ಆ ನೀರಲ್ಲೇ ಸಾಕಿದ ಮೀನು ಹುರಿದು ಕೊಡ್ತಾರೆ. ಮೀನು ತಿನ್ನದವರು ಕಾಲು ನೀರಲ್ಲಿ ಇಳಿಬಿಟ್ಟು ಮೊಸರು, ಬ್ರೆಡ್ಡು ತಿನ್ನಬಹುದು. ಇದು ಅರ್ಧ ದಿನದ ನಡಿಗೆ, ಬರುವಾಗ ವ್ಯಾನ್ ಹಿಡಿಯಿರಿ. ಹೀಗೆ ಹತ್ತುವ ಕಡೆ ನಡೆದು, ಇಳಿಯುವ ಕಡೆ ಗಾಡಿ ಹಿಡಿದರೆ ಅಮ್ಮನ ಮಂಡಿ ಉಳಿಯುತ್ತೆ.

ಮೂರನೆಯದಕ್ಕೆ ನಡಿಗೆಯೇ ಬೇಡ. ತಹ್ತಾಲಿ ಬೆಟ್ಟ 2,365 ಮೀಟರ್, ಊರಿನ ಎಲ್ಲ ಕಡೆಯಿಂದಲೂ ಕಾಣುತ್ತೆ. ಗಟ್ಟಿಗರು ಬೆಯ್ಜಿಕ್ ಹಳ್ಳಿಯಿಂದ ದಿನವಿಡೀ ಹತ್ತುತ್ತಾರೆ. ನಿಮ್ಮಮ್ಮ ಇನ್ನೊಂದು ಬದಿಯಿಂದ ಕೇಬಲ್ ಕಾರಿನಲ್ಲಿ ಹತ್ತೇ ನಿಮಿಷದಲ್ಲಿ ತುದಿ ಮುಟ್ಟಿ, ಮೇಲೆ ಟೀ ಕುಡಿದು ಅವರನ್ನು ನೋಡಬಹುದು. ಸ್ವೆಟರ್ ಮರೀಬೇಡಿ.

ಒಂದು ದಾರಿಗೆ ಮಾತ್ರ ಅಮ್ಮನನ್ನು ಕರ್ಕೊಂಡು ಹೋಗಬೇಡಿ. ಒಲಿಂಪೋಸ್‌ನಿಂದ ಮೂಸಾ ಬೆಟ್ಟ ದಾಟಿ ಅದ್ರಾಸಾನ್ ಕೊಲ್ಲಿಗೆ ಹೋಗೋ ದಾರಿ. ಸುಮಾರು 16 ಕಿ.ಮೀ. ಹೆಚ್ಚುಕಡಿಮೆ 700 ಮೀಟರ್ ಏರು, ಅಷ್ಟೇ ಇಳಿಜಾರು, ನಡುವೆ ಒಂದು ಮನೆಯಿಲ್ಲ. ನಮಗೆ ಏಳು ಗಂಟೆ ಹಿಡಿಯಿತು. ಚೆಂದ ಅಂದರೆ ಬಲು ಚೆಂದ. ಕೆಂಪು ತೊಗಟೆಯ, ಮುಟ್ಟಿದರೆ ತಣ್ಣಗಿರೋ ಒಂದು ಜಾತಿಯ ಮರ ಇದೆ ಅಲ್ಲಿ, ಊರವರು ಅದಕ್ಕೆ ಸಂದಾಲ್ ಅಂತಾರೆ, ನಮ್ಮ ಗಂಧಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ ಅಕ್ಕ ಎರಡು ಸಲ ಮೂಸಿ ನೋಡಿದಳು. ಅಷ್ಟೆಲ್ಲ ಆಗಿ ಇಳಿಯುವಾಗ ಅವಳು ನನ್ನ ಜೊತೆ ಒಂದು ಗಂಟೆ ಮಾತಾಡಲಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಕಬಾಬಿನ ದೇಶದಲ್ಲಿ ಏನು ತಿನ್ನೋದು? ಅವಲಕ್ಕಿ, ಪುಳಿಯೋಗರೆ ಗೊಜ್ಜು ಹೊತ್ತುಕೊಂಡು ಹೋಗಬೇಕಾ? (ಶಿರಸಿ, ಉಡುಪಿ, ಮೈಸೂರು, ಇನ್ನೂ ಹನ್ನೊಂದು ಊರುಗಳಿಂದ)

ಹೊತ್ತುಕೊಂಡು ಹೋಗೋದಾದರೆ ಚಟ್ನಿಪುಡಿ ತಗೊಳ್ಳಿ, ಉಳಿದದ್ದು ಬಿಡಿ. ಅಲ್ಲಿನ ಬಿಸಿ ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದು ಶೇಂಗಾ ಚಟ್ನಿಪುಡಿ ಹಾಕಿಕೊಂಡು ತಿನ್ನಿ, ಆಮೇಲೆ ನನಗೆ ಪತ್ರ ಬರೀರಿ.

ಈ ಕರಾವಳಿ ಕಬಾಬಿನದ್ದಲ್ಲ, ತರಕಾರಿಯದ್ದು. ಬಸ್ಸಿನಲ್ಲಿ ಕುಮ್ಲುಜಾ ಕಡೆ ಹೋದರೆ ರಸ್ತೆಯ ಎರಡೂ ಬದಿ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳು, ಒಳಗೆ ಟೊಮೆಟೊ, ಮೆಣಸಿನಕಾಯಿ. ಬೆಂಡೆ, ಬೀನ್ಸ್, ಪಲ್ಲೆಹೂವು ಇವನ್ನು ಆಲಿವ್ ಎಣ್ಣೆಯಲ್ಲಿ ನಿಧಾನ ಬೇಯಿಸಿ, ಆರಿಸಿ, ತಣ್ಣಗೆ ಬಡಿಸ್ತಾರೆ. ಇಂಥ ಅಡುಗೆಗೆಲ್ಲ ಜೆಯ್ತಿನ್ಯಾಲಿ ಅಂತ ಹೆಸರು. ಈ ಪದ ಕಲಿತುಕೊಳ್ಳಿ, ಇದು ಕಂಡಲ್ಲಿ ಸಾಮಾನ್ಯವಾಗಿ ಮಾಂಸ ಇರಲ್ಲ. ತಣ್ಣಗಿನ ಪಲ್ಯ ಮೊದಲ ದಿನ ವಿಚಿತ್ರ ಅನ್ನಿಸುತ್ತೆ, ನಾಲ್ಕನೇ ದಿನ ಅದೇ ಬೇಕು ಅನ್ನಿಸುತ್ತೆ.

ನಡೆಯೋರ ಅಚ್ಚುಮೆಚ್ಚು ಗೊಜ್ಲೆಮೆ. ಹೆಂಗಸರು ನೆಲದ ಮೇಲೆ ಕೂತು, ಸಣ್ಣ ಕೋಲಿನಂಥ ಉದ್ದ ಲಟ್ಟಣಿಗೆಯಲ್ಲಿ ಹಿಟ್ಟನ್ನು ಪೇಪರಿನಷ್ಟು ತೆಳ್ಳಗೆ ಲಟ್ಟಿಸಿ, ಪಾಲಕ್, ಚೀಸ್ ಅಥವಾ ಆಲೂಗಡ್ಡೆ ತುಂಬಿ ಮಡಚಿ, ಬೋರಲು ಹಾಕಿದ ಬಾಣಲೆಯಂಥ ತವಾದ ಮೇಲೆ ಬೇಯಿಸ್ತಾರೆ. ಆಲೂ ಪರಾಠದ ತೆಳ್ಳಗಿನ ತಂಗಿ ಅನ್ನಿ. ಜೊತೆಗೆ ಆಯ್ರಾನ್, ಅಂದರೆ ಉಪ್ಪು ಹಾಕಿದ ಗಟ್ಟಿ ಮಜ್ಜಿಗೆ. ಇಂಗು, ಕರಿಬೇವು ಇಲ್ಲ ಅನ್ನೋದೊಂದು ಬೇಜಾರು.

ಬೆಳಗಿನ ತಿಂಡಿಗೆ ಮೊಟ್ಟೆ ಬಿಟ್ಟರೂ ಮೇಜು ತುಂಬಿರುತ್ತೆ: ಆಲಿವ್ ನಾಲ್ಕು ಬಗೆ, ಟೊಮೆಟೊ, ಸೌತೆ, ಜೇನು, ಜಾಮು, ಬಿಳಿ ಚೀಸ್. ಚೀಸ್‌ಗೆ ಹೆಪ್ಪು ಹಾಕೋಕೆ ಕರುವಿನ ಹೊಟ್ಟೆಯಿಂದ ತೆಗೆದದ್ದನ್ನು ಬಳಸೋದುಂಟು, ಅದು ಆಗದವರು ಕೇಳಿ ತಿನ್ನಿ. ನಾನು ಕೇಳಲಿಲ್ಲ, ತಿಂದೆ.

ಈಗ ಎಡವುವ ಜಾಗಗಳು. ಕೆಂಪು ಬೇಳೆ ಸೂಪು ನಮ್ಮ ತೊವ್ವೆಯ ಹಾಗೇ ಇರುತ್ತೆ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರಲ್ಲಿ ಮಾಡ್ತಾರೆ. "ಎತ್ ಸುಯು ವಾರ್ ಮಿ?" ಅಂದರೆ ಮಾಂಸದ ನೀರು ಇದೆಯಾ ಅಂತ. ಅನ್ನಕ್ಕೂ ಇದೇ ಪ್ರಶ್ನೆ ಕೇಳಿ, ಕೋಳಿ ನೀರಲ್ಲಿ ಬೇಯಿಸೋದು ಮಾಮೂಲಿ. ಬದನೆಕಾಯಿಯಲ್ಲಿ ಎರಡು ಅಡುಗೆ, ನೋಡೋಕೆ ಅವಳಿ ಜವಳಿ. ಒಂದರ ಹೆಸರು ಇಮಾಮ್ ಬಾಯಿಲ್ದಿ, ಅಂದರೆ ಇಮಾಮರು ಮೂರ್ಛೆ ಹೋದರು ಅಂತ, ರುಚಿಗೆ ಹೋದರೋ ಎಣ್ಣೆಯ ಖರ್ಚಿಗೆ ಹೋದರೋ ಅನ್ನೋದರಲ್ಲಿ ಎರಡು ಕಥೆ ಇದೆ. ಅದರೊಳಗೆ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ. ಇನ್ನೊಂದು ಕಾರ್ನಿಯಾರಿಕ್, ಅದರೊಳಗೆ ಕೈಮಾ. ಬೆರಳು ತೋರಿಸಿ ಆರ್ಡರ್ ಮಾಡಬೇಡಿ. "ಮಾಂಸ ತಿನ್ನಲ್ಲ" ಅಂತಷ್ಟೇ ಹೇಳಿದರೆ ಕೆಲವರು ಕೋಳಿ ತಂದಿಡ್ತಾರೆ, ಅವರ ಲೆಕ್ಕದಲ್ಲಿ ಕೋಳಿ ಬೇರೆ. ಪೂರ್ತಿ ಹೇಳಿ: "ಎತ್ ಯೋಕ್, ತಾವುಕ್ ಯೋಕ್, ಬಾಲಿಕ್ ಯೋಕ್." ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಮಾತ್ರ ಕಷ್ಟ ಇದೆ, ಸುಳ್ಳು ಹೇಳಲ್ಲ. ಅಡುಗೆಮನೆ ಇರೋ ಕೋಣೆ ನೋಡಿ.

ಪ್ರಶ್ನೆ: ಬಂಡೆಯಿಂದ ಬೆಂಕಿ ಬರುತ್ತೆ ಅಂತ ಬರೆದಿದ್ದಿರಿ. ಗ್ಯಾಸ್ ಪೈಪ್ ಇಟ್ಟು ಪ್ರವಾಸಿಗರಿಗೆ ಟೋಪಿ ಹಾಕ್ತಾರಾ? (ದಾವಣಗೆರೆ)

ಪೈಪ್ ಇಲ್ಲ, ಗ್ಯಾಸ್ ನಿಜ. ಆ ಜಾಗದ ಹೆಸರು ಯನಾರ್ತಾಶ್, ಅಂದರೇ ಉರಿಯೋ ಕಲ್ಲು. ಬೆಟ್ಟದ ಒಡಲಿನಿಂದ ಮೀಥೇನ್, ಸ್ವಲ್ಪ ಹೈಡ್ರೋಜನ್ ಬಿರುಕುಗಳಲ್ಲಿ ಹೊರಗೆ ಬಂದು ಉರಿಯುತ್ತೆ. ವಿಶೇಷ ಏನಂದರೆ ಈ ಅನಿಲದ ದೊಡ್ಡ ಪಾಲು ಕೊಳೆತ ಗಿಡ ಪ್ರಾಣಿಗಳಿಂದ ಆದದ್ದಲ್ಲ. ಅಲ್ಲಿನ ಬಂಡೆ ಒಂದು ಕಾಲದಲ್ಲಿ ಸಾಗರದ ತಳವಾಗಿತ್ತು, ಅದರೊಳಗಿನ ಖನಿಜಕ್ಕೂ ನೀರಿಗೂ ಆಗುವ ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ್ದು. ಮೇಲೆ ಮಣ್ಣು ಮುಚ್ಚಿ ಒಂದು ಜ್ವಾಲೆ ಆರಿಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತೆ. ಕನಿಷ್ಠ ಎರಡೂವರೆ ಸಾವಿರ ವರ್ಷದಿಂದ ಹೀಗೇ ಇದೆ. ಸಿಂಹದ ತಲೆ, ನಡುವೆ ಮೇಕೆ, ಹಾವಿನ ಬಾಲ, ಬಾಯಲ್ಲಿ ಬೆಂಕಿ ಇರೋ ಖಿಮೇರಾ ಅನ್ನೋ ಪ್ರಾಣಿಯನ್ನು ರೆಕ್ಕೆಯ ಕುದುರೆ ಏರಿ ಬಂದ ವೀರ ಕೊಂದ ಅಂತ ಗ್ರೀಕರ ಕಥೆ. ಅದರ ಉಸಿರೇ ಇದು ಅಂತ ನಂಬಿಕೆ. ಜ್ವಾಲೆಗಳ ಬುಡದಲ್ಲಿ ಅಗ್ನಿದೇವತೆ ಹೆಫೈಸ್ಟೋಸ್‌ನ ಗುಡಿಯ ಅವಶೇಷ ಇದೆ. ಹಿಮಾಚಲದ ಜ್ವಾಲಾಮುಖಿಗೆ ಹೋಗಿಬಂದವರಿಗೆ ಇದೇನೂ ಹೊಸದಲ್ಲ, ಅಲ್ಲಿ ಗುಡಿ ಇನ್ನೂ ನಡೀತಿದೆ, ಇಲ್ಲಿ ಜನ ಟೀ ಕಾಯಿಸಿಕೊಳ್ತಾರೆ, ಅಷ್ಟೇ ವ್ಯತ್ಯಾಸ.

ಊರ ನಡುವಿನಿಂದ ಬೆಟ್ಟದ ಬುಡಕ್ಕೆ ಸುಮಾರು ಮೂರು ಕಿ.ಮೀ. ಆಮೇಲೆ ಒಂದು ಕಿ.ಮೀ. ಕಲ್ಲಿನ ಮೆಟ್ಟಿಲು. ಕತ್ತಲಾಗುವ ಹೊತ್ತಿಗೆ ಮೇಲಿರಿ, ಹಗಲಲ್ಲಿ ಜ್ವಾಲೆ ಅಷ್ಟಾಗಿ ಕಾಣಲ್ಲ. ಟಾರ್ಚ್ ಇಲ್ಲದೆ ಹೋಗಬೇಡಿ, ಫೋನಿನ ಬೆಳಕಲ್ಲಿ ಇಳಿಯೋಕೆ ಹೋದ ಒಬ್ಬ ಹುಡುಗನ ಹಲ್ಲು ಮುರಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಮಕ್ಕಳ ರಜೆ ಇರೋದು ಏಪ್ರಿಲ್, ಮೇ. ಆಗ ಹೋಗಬಹುದಾ? ಆಮೆ ಮೊಟ್ಟೆ ಇಡೋದನ್ನು ಮಕ್ಕಳಿಗೆ ತೋರಿಸಬೇಕು. (ಮಂಗಳೂರು)

ನಡೆಯೋಕೆ ಏಪ್ರಿಲ್ ಚಿನ್ನ. ಕಾಡೆಲ್ಲ ಹೂವು, ತಹ್ತಾಲಿ ತಲೆ ಮೇಲೆ ಹಿಮ, ಬಿಸಿಲು ಹದವಾಗಿರುತ್ತೆ. ಸಮುದ್ರ ಮಾತ್ರ ಆಗಿನ್ನೂ ತಣ್ಣಗೆ. ಈಜೂ ಬೇಕು ನಡಿಗೆಯೂ ಬೇಕು ಅಂದರೆ ಅಕ್ಟೋಬರೇ ಸರಿ, ನೀರು ಬೇಸಿಗೆಯ ಬಿಸಿ ಹಿಡಿದಿಟ್ಟುಕೊಂಡಿರುತ್ತೆ. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು 35 ಡಿಗ್ರಿ ದಾಟುತ್ತೆ, ಪೈನ್ ಕಾಡು ಬೆಂಕಿಪೆಟ್ಟಿಗೆ ಆಗಿರುತ್ತೆ. 2021ರ ಬೇಸಿಗೆಯಲ್ಲಿ ಅಂತಾಲ್ಯದ ಪೂರ್ವಕ್ಕೆ ಮಾನವ್‌ಗಾತ್ ಸುತ್ತಮುತ್ತ ಎಷ್ಟು ಕಾಡು ಸುಟ್ಟಿತು ಅಂತ ಸುದ್ದಿಯಲ್ಲಿ ನೋಡಿರ್ತೀರಿ. ಬೇಸಿಗೆಯಲ್ಲಿ ಕಾಡಿಗೆ ಹೋಗೋದನ್ನೇ ನಿಷೇಧಿಸೋದೂ ಉಂಟು.

ಆಮೆ ವಿಷಯ. ಚಿರಾಲಿಗೆ ಬರೋದು ಲಾಗರ್‌ಹೆಡ್ ಅನ್ನೋ ದೊಡ್ಡ ತಲೆಯ ಕಡಲಾಮೆ, ಅಲ್ಲಿ ಕರೆತ್ತಾ ಅಂತಾರೆ. ಮೇ ಕೊನೆಯಿಂದ ಆಗಸ್ಟ್ ತನಕ ರಾತ್ರಿ ಹೊತ್ತು ದಡಕ್ಕೆ ಬಂದು ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಗೆ ಬಂದು, ಎಲ್ಲಿ ಬೆಳಕು ಕಾಣುತ್ತೋ ಅದೇ ಸಮುದ್ರ ಅಂದುಕೊಂಡು ಆ ಕಡೆ ಓಡುತ್ತೆ. ದಡದಲ್ಲಿ ದೀಪ ಇದ್ದರೆ ಊರ ಕಡೆ ಹೋಗಿ ಸಾಯುತ್ತೆ. ಅದಕ್ಕೇ ರಾತ್ರಿ ದಡದಲ್ಲಿ ದೀಪ ಇಲ್ಲ, ಬೆಂಕಿ ಇಲ್ಲ, ಹೋಗೋದೂ ಬೇಡ ಅಂತ ನಿಯಮ. ತೋರಿಸಬೇಕು ಅನ್ನೋ ಆಸೆ ಬಿಟ್ಟುಬಿಡಿ. ಗೂಡುಗಳ ಮೇಲೆ ಕಂಬಿಯ ಪಂಜರ ಕವುಚಿಟ್ಟಿರ್ತಾರೆ, ಹಗಲಲ್ಲಿ ಅದನ್ನು ತೋರಿಸಿ. ಆ ಊರಲ್ಲಿ ಎತ್ತರದ ಹೋಟೆಲುಗಳಿಲ್ಲದೆ, ಕಿತ್ತಳೆ ತೋಟದ ನಡುವೆ ಮರದ ಮನೆಗಳಷ್ಟೇ ಉಳಿದುಕೊಂಡಿರೋದಕ್ಕೆ ಈ ಆಮೆಗಳೂ, 1972ರಲ್ಲಿ ಆದ ರಾಷ್ಟ್ರೀಯ ಉದ್ಯಾನವೂ ಕಾರಣ. ನಿಮ್ಮ ಮಂಗಳೂರಿನಿಂದ ಮೇಲೆ ಹೊನ್ನಾವರದ ಕಡೆಯ ದಡಗಳಿಗೂ ಬೇರೆ ಜಾತಿಯ ಕಡಲಾಮೆ ಬರುತ್ತೆ, ಅರಣ್ಯ ಇಲಾಖೆಯವರು ಅಲ್ಲೂ ಗೂಡು ಕಾಯ್ತಾರೆ. ಮಕ್ಕಳಿಗೆ ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ವೀಸಾ ಹೇಗೆ? ಅಲ್ಲಿಗೆ ಮುಟ್ಟೋದು ಹೇಗೆ? ಖರ್ಚೆಷ್ಟು? (ತುಮಕೂರು)

ನಿಮ್ಮ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರೋ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಇದ್ದರೆ ಮನೆಯಲ್ಲೇ ಕೂತು ಇ-ವೀಸಾ ಮಾಡಿಕೊಳ್ಳಬಹುದು, ಒಂದು ಸಲದ ಪ್ರವೇಶ, 30 ದಿನ. ಇಲ್ಲದಿದ್ದರೆ ಅರ್ಜಿ ಕೇಂದ್ರಕ್ಕೆ ಹೋಗಿ ಸ್ಟಿಕ್ಕರ್ ವೀಸಾ. ನಿಯಮ ಬದಲಾಗ್ತಿರುತ್ತೆ, ಟಿಕೆಟ್ ಕೊಳ್ಳೋ ಮೊದಲು ಸರ್ಕಾರಿ ಸೈಟನ್ನೇ ನೋಡಿ. ಏಜೆಂಟರ ಮಾತು ಬೇಡ.

ಇಸ್ತಾಂಬುಲ್‌ನಿಂದ ಅಂತಾಲ್ಯಕ್ಕೆ ಒಂದು ಗಂಟೆ ಚಿಲ್ಲರೆ ವಿಮಾನ. ಅಂತಾಲ್ಯ ವಿಮಾನ ನಿಲ್ದಾಣದಿಂದ ಟ್ರಾಮ್ ಹಿಡಿದರೆ ಬಸ್ ನಿಲ್ದಾಣ, ಅಲ್ಲಿ ಕುಮ್ಲುಜಾ ಕಡೆ ಹೋಗೋ ಸಣ್ಣ ಬಸ್ಸು. ಸುಮಾರು 80 ಕಿ.ಮೀ. ಹೆದ್ದಾರಿಯಲ್ಲಿ ಚಿರಾಲಿ ಕೈಮರದ ಹತ್ತಿರ ಇಳೀಬೇಕು, ಅಲ್ಲಿಂದ ಕೆಳಗೆ ಏಳು ಕಿ.ಮೀ. ದೋಲ್ಮುಶ್. ದೋಲ್ಮುಶ್ ಅಂದರೆ ತುಂಬಿದ್ದು ಅಂತ ಅರ್ಥ, ನಮ್ಮ ಮ್ಯಾಕ್ಸಿಕ್ಯಾಬಿನ ಹಾಗೆ ಜನ ತುಂಬಿದರೆ ಹೊರಡುತ್ತೆ. ತಿನ್ನೋ ದೋಲ್ಮಾ ಇದೆಯಲ್ಲ, ಅದಕ್ಕೂ ಇದಕ್ಕೂ ಒಂದೇ ಬೇರು. ಎಲೆಯೊಳಗೆ ಅನ್ನ, ವ್ಯಾನಿನೊಳಗೆ ನಾವು.

ಇಲ್ಲೊಂದು ಎಚ್ಚರಿಕೆ. ಒಲಿಂಪೋಸ್ ಕೈಮರ ಅಂತ ಮುಂದೆ ಇನ್ನೊಂದಿದೆ. ಎರಡೂ ಒಂದೇ ಅಂತ ಬಸ್ಸಿನವನು ನಮ್ಮನ್ನು ಅಲ್ಲಿಳಿಸಿದ. ನಕ್ಷೆಯಲ್ಲಿ ಎರಡೂ ಊರು ಅಕ್ಕಪಕ್ಕವೇ, ಅವಶೇಷಗಳ ನಡುವೆ ಕಾಲ್ನಡಿಗೆಯಲ್ಲಿ ಸ್ವಲ್ಪವೇ ದೂರ. ಆದರೆ ರಸ್ತೆಯಲ್ಲಿ ಸುತ್ತಿಬರಬೇಕು. ನಾವು ಸೂಟ್‌ಕೇಸಿನ ಮೇಲೆ ಕೂತು, ಒಬ್ಬ ಟ್ರಾಕ್ಟರಿನವರು ಕರುಣೆ ತೋರೋ ತನಕ ಕಾದೆವು. "ಚಿರಾಲಿ, ಚಿರಾಲಿ" ಅಂತ ಡ್ರೈವರ್‌ಗೆ ಮೂರು ಸಲ ಹೇಳಿ.

ಖರ್ಚಿನ ಅಂಕಿ ಕೊಡಲ್ಲ. ಅಲ್ಲಿ ಬೆಲೆ ಏರೋ ವೇಗಕ್ಕೆ ನಾನು ಇವತ್ತು ಬರೆದದ್ದು ನಿಮ್ಮ ಕೈಗೆ ಪುಸ್ತಕ ಬರೋ ಹೊತ್ತಿಗೆ ಸುಳ್ಳಾಗಿರುತ್ತೆ. ಬೆಳಗಿನ ತಿಂಡಿ, ರಾತ್ರಿ ಊಟ ಸೇರಿಸಿ ಕೊಡೋ ಮನೆಗಳಿಗೆ ಪಾನ್ಸಿಯೋನ್ ಅಂತಾರೆ, ಅದೇ ಲಾಭ. ಹೆದ್ದಾರಿ ಬಿಟ್ಟು ಕೆಳಗಿಳಿಯೋ ಮೊದಲೇ ಕೈಯಲ್ಲಿ ನಗದು ಲಿರಾ ಇರಲಿ.

ಪ್ರಶ್ನೆ: ಒಬ್ಬಳೇ ಹೋಗೋ ಯೋಚನೆ ಇದೆ. ಮನೆಯಲ್ಲಿ ಬೇಡ ಅಂತಿದ್ದಾರೆ. ಭಯ ಇದೆಯಾ? (ಬೆಂಗಳೂರು, 34 ವರ್ಷ)

ಊರೊಳಗೆ ನನಗೆ ಎಲ್ಲೂ ಮುಜುಗರ ಆಗಲಿಲ್ಲ. ಒಬ್ಬೊಬ್ಬರೇ ನಡೀತಿದ್ದ ಹೆಂಗಸರು ದಿನಾ ಇಬ್ಬರು ಮೂವರು ಸಿಗುತ್ತಿದ್ದರು. ನನಗಿದ್ದ ಭಯ ಗಂಡಸರದ್ದಲ್ಲ, ಕಾಲು ಉಳುಕೋದರದ್ದು. ಮೂಸಾ ಬೆಟ್ಟದ ಮೇಲೆ ಕಾಲು ಹೊರಳಿದರೆ, ಫೋನಿಗೆ ಸಿಗ್ನಲ್ ಇಲ್ಲದಿದ್ದರೆ, ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಪ್ರತಿ ದಿನ ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಪಾನ್ಸಿಯೋನ್ ಅಮ್ಮನಿಗೆ ಹೇಳಿ ಹೊರಡಿ. ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ತುರ್ತಿಗೆ ನಂಬರ್ 112.

ದಾರಿಯ ಗುರುತು ಬಿಳಿ, ಕೆಂಪು ಎರಡು ಪಟ್ಟೆ, ಕಲ್ಲಿನ ಮೇಲೋ ಮರದ ಮೇಲೋ. ತಪ್ಪು ದಾರಿಗೆ ಕತ್ತರಿ ಗುರುತು. ಐದು ನಿಮಿಷ ನಡೆದರೂ ಪಟ್ಟೆ ಕಾಣಲಿಲ್ಲ ಅಂದರೆ ಮುಂದೆ ಸಿಗಬಹುದು ಅಂತ ಹೋಗಬೇಡಿ, ಕೊನೆಯ ಪಟ್ಟೆ ತನಕ ಹಿಂದೆ ಬನ್ನಿ. ಮೇಕೆಗಳೂ ಅಚ್ಚುಕಟ್ಟಾಗಿ ದಾರಿ ಮಾಡ್ತವೆ, ಆದರೆ ಅವು ಹೋಗೋದು ಅವಕ್ಕೆ ಬೇಕಾದ ಕಡೆ.

ನಾಯಿಗಳ ಬಗ್ಗೆಯೂ ಕೇಳಿದ್ದೀರಿ. ಕಡಲತೀರದ ನಾಯಿಗಳು ಸಾಧು, ಒಂದು ಹಳದಿ ನಾಯಿ ನಮ್ಮ ಬಿಸ್ಕತ್ತಿನ ಆಸೆಗೆ ಅರ್ಧ ದಿನ ಹಿಂದೆ ಬಂತು. ಮೇಲಿನ ಹಳ್ಳಿಗಳ ಕುರಿ ನಾಯಿಗಳ ವಿಷಯ ಬೇರೆ, ಅವು ಕೆಲಸದಲ್ಲಿರುತ್ತವೆ. ಮಂದೆಯ ನಡುವೆ ಹೋಗಬೇಡಿ, ಓಡಬೇಡಿ, ದೂರದಿಂದ ಸುತ್ತಿ ಹೋಗಿ. ಬಗ್ಗಿ ಕಲ್ಲು ಎತ್ತಿಕೊಳ್ಳೋ ಹಾಗೆ ಮಾಡಿದರೆ ಸಾಕು. ಇದನ್ನು ಕನ್ನಡದ ನಾಯಿಗಳ ಮೇಲೆ ಕಲಿತಿದ್ದೆ, ಅಲ್ಲೂ ನಡೀತು.

ಪ್ರಶ್ನೆ: ನೀರು, ಶೂ? (ಚಿಕ್ಕಮಗಳೂರು. ಪೂರ್ತಿ ಪತ್ರ ಇಷ್ಟೇ)

ನೀರು ಎರಡೂವರೆ ಲೀಟರ್, ಅದ್ರಾಸಾನ್ ದಾರಿಗೆ ಮೂರು. ಗುಮ್ಮಟದ ಹಳೇ ನೀರಿನ ತೊಟ್ಟಿಗಳು ದಾರಿಯಲ್ಲಿ ಅಲ್ಲಲ್ಲಿ ಸಿಗುತ್ತವೆ, ಮೇಕೆಗಳಿಗೆ ಒಳ್ಳೇದು, ನಿಮಗಲ್ಲ. ಶೂ ಅಡಿ ಗಟ್ಟಿ ಇರಬೇಕು, ಹಳೇದಾಗಿರಬೇಕು. ಹೊಸ ಶೂ ಹಾಕಿಕೊಂಡು ಹೋದ ಪಾಪಕ್ಕೆ ನಾನು ಎರಡು ದಿನ ಹವಾಯಿ ಚಪ್ಪಲಿಯಲ್ಲಿದ್ದೆ.

ಪ್ರಶ್ನೆ: ಇಂಗ್ಲಿಷ್ ಅಷ್ಟಾಗಿ ಬರಲ್ಲ. ಟರ್ಕಿ ಭಾಷೆ ಒಂದಕ್ಷರ ಗೊತ್ತಿಲ್ಲ. ಆಗುತ್ತಾ? (ಕಲಬುರಗಿ)

ನಿಮಗೆ ಒಂದಕ್ಷರ ಅಲ್ಲ, ಹತ್ತಾರು ಪದ ಆಗಲೇ ಗೊತ್ತಿದೆ. ಪಾರ್ಸಿ, ಅರಬ್ಬಿಯಿಂದ ಅವರಿಗೂ ಬಂದಿವೆ, ನಮಗೂ ಬಂದಿವೆ, ಕಲಬುರಗಿಯವರಿಗಂತೂ ಇನ್ನೂ ಜಾಸ್ತಿ. ಅಂಗಡಿಗೆ ದುಕ್ಕಾನ್, ಚಹಾಕ್ಕೆ ಚಾಯ್, ಗಾಳಿಗೆ ಹವಾ, ಸಾಬೂನಿಗೆ ಸಾಬುನ್, ಲೋಕಕ್ಕೆ ದುನ್ಯಾ. ಊಟ ಆದ ಮೇಲೆ ಬಿಲ್ ಬೇಕಾದರೆ "ಹೆಸಾಪ್" ಅನ್ನಿ, ಹಿಸಾಬು ತಂದುಕೊಡ್ತಾರೆ. ನೀರಿಗೆ ಸು. ಇದೆ ಅನ್ನೋಕೆ ವಾರ್, ಇಲ್ಲ ಅನ್ನೋಕೆ ಯೋಕ್.

ಇನ್ನೊಂದು ಕಲಿತುಕೊಂಡು ಹೋಗಿ: "ಕೊಲಾಯ್ ಗೆಲ್ಸಿನ್." ಕೆಲಸ ಸಲೀಸಾಗಿ ಆಗಲಿ ಅಂತ ಅರ್ಥ. ಯಾರಾದರೂ ಏನಾದರೂ ಕೆಲಸ ಮಾಡ್ತಿರೋದನ್ನು ಕಂಡರೆ ಹೀಗೆ ಹೇಳಿ ಮುಂದೆ ಹೋಗೋದು ಅಲ್ಲಿನ ವಾಡಿಕೆ. ಬೇಲಿ ಕಟ್ಟುತ್ತಿದ್ದ ಒಬ್ಬ ಅಜ್ಜಿಗೆ ಅಕ್ಕ ಇದನ್ನು ತಪ್ಪುತಪ್ಪಾಗಿ ಹೇಳಿದಳು. ಅಜ್ಜಿ ಕೆಲಸ ಬಿಟ್ಟು ಬಂದು ನಮ್ಮಿಬ್ಬರ ಕೈಗೂ ಒಂದೊಂದು ದಾಳಿಂಬೆ ಕೊಟ್ಟು, ಏರುದಾರಿಯನ್ನೂ ಅಕ್ಕನ ಕೋಲುಗಳನ್ನೂ ನೋಡಿ, ಅದನ್ನೇ ನಮಗೆ ವಾಪಸ್ ಹೇಳಿದರು.